ಇಸಿಜಿ ಗ್ರಾಫಿಗೆ ಜೂಮ್: ಮ್ಯಾಟ್‌ಪ್ಲಾಟ್‌ಲಿಬ್, ಪೈಕ್ಯೂಟಿಗ್ರಾಫ್, ಕ್ಯೂಕಸ್ಟಮ್‌ಪ್ಲಾಟ್

ಗ್ರಾಫ್ ಬಿಡಿಸುವ ಲೈಬ್ರರಿಗಳು ಇವು; ಮೊದಲೆರಡು ಪೈಥಾನ್‌ಗೆ, ಮೂರನೆಯದು ಸಿ++ಗೆ. ಮೂರಕ್ಕೂ ಉಣಿಸಿದ್ದು ಒಂದೇ ದತ್ತಾಂಶ: ಎಂಐಟಿ-ಬಿಐಎಚ್ ಅರಿತ್ಮಿಯಾ (ಹೃದಯ ಬಡಿತದ ಏರುಪೇರು) ಸಂಗ್ರಹದ ಒಂದು ಇಸಿಜಿ ದಾಖಲೆ. ಸೆಕೆಂಡಿಗೆ 360 ಸ್ಯಾಂಪಲ್, ಅರ್ಧ ಗಂಟೆ, ಚಾನೆಲ್ಲಿಗೆ 6.5 ಲಕ್ಷ ಬಿಂದು. 1,200 ಪಿಕ್ಸೆಲ್ ಅಗಲದಲ್ಲಿ ಪೂರ್ತಿ ತೋರಿಸಿದರೆ ಪಿಕ್ಸೆಲ್ ಒಂದಕ್ಕೆ ಸುಮಾರು 540 ಬಿಂದು, ಅಂದರೆ ಒಂದೂವರೆ ಸೆಕೆಂಡು. ಅಷ್ಟರಲ್ಲಿ ಹೃದಯ ಒಂದೆರಡು ಸಲ ಬಡಿದಿರುತ್ತದೆ. ನೋಡಬೇಕಾದದ್ದೋ 0.1 ಸೆಕೆಂಡಿನ ಕ್ಯೂಆರ್‌ಎಸ್ ಅಲೆ, ಅಂದರೆ ಪ್ರತಿ ಬಡಿತದಲ್ಲೂ ಮೂಡುವ ಚೂಪು ಅಲೆ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಶುರು ಸುಲಭ. ಕ್ಯೂಟಿ (ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಚೌಕಟ್ಟು) ಕಿಟಕಿಯಲ್ಲಿ ಕ್ಯಾನ್ವಾಸ್ ಕೂರಿಸಿ, ಅದರ ಜತೆಗೇ ಬರುವ ನ್ಯಾವಿಗೇಶನ್ ಟೂಲ್‌ಬಾರ್ ಸೇರಿಸಿದರೆ ಚೌಕ ಎಳೆದು ಜೂಮ್ ಮಾಡುವುದು, ಹಿಂದಕ್ಕೆ ಹೋಗುವುದು, ಮೊದಲಿನ ನೋಟಕ್ಕೆ ಮರಳುವುದು ಎಲ್ಲ ಸಿಗುತ್ತದೆ. ಮೌಸ್ ಚಕ್ರದ ಜೂಮ್ ಮಾತ್ರ ಸಿಗುವುದಿಲ್ಲ, ಅದನ್ನು ನಾವೇ ಬರೆಯಬೇಕು. ಎಡವುವುದು ಅಲ್ಲೇ. ಒಳಕ್ಕೆ 0.8, ಹೊರಕ್ಕೆ 1.2 ಎಂದು ಗುಣಿಸಿದರೆ ಒಂದು ಸಲ ಒಳಗೆ, ಒಂದು ಸಲ ಹೊರಗೆ ಹೋದಾಗ ವ್ಯಾಪ್ತಿ 0.96ಕ್ಕೆ ಇಳಿದಿರುತ್ತದೆ. ಹತ್ತು ಸಲ ಹೀಗಾದರೆ ಮೂರನೇ ಒಂದು ಭಾಗವೇ ಕಾಣೆ. ಹೊರಕ್ಕೆ 1.25 ಇರಬೇಕು. ಇನ್ನೂ ಒಳ್ಳೆಯದು, 0.8ರ ಘಾತವಾಗಿ ಚಕ್ರದ ಸ್ಟೆಪ್ ಮೌಲ್ಯವನ್ನೇ ಕೊಡುವುದು. ಟ್ರ್ಯಾಕ್‌ಪ್ಯಾಡ್ ಕಳಿಸುವ ಭಿನ್ನಾಂಕಗಳಿಗೂ ಆಗ ಲೆಕ್ಕ ಸರಿಯಾಗಿರುತ್ತದೆ. ಕರ್ಸರ್ ಇರುವ ಬಿಂದು ಕದಲದಂತೆ ಎಡ ಅಂಚಿನ ದೂರವನ್ನೂ ಬಲ ಅಂಚಿನ ದೂರವನ್ನೂ ಬೇರೆಬೇರೆಯಾಗಿ ಗುಣಿಸಿ. ಕರ್ಸರ್ ಅಕ್ಷಗಳ ಹೊರಗಿದ್ದಾಗ ಎಕ್ಸ್ ಮೌಲ್ಯ None (ಏನೂ ಇಲ್ಲ) ಆಗಿ ಬರುತ್ತದೆ, ಮೊದಲೇ ತಡೆಯಿರಿ.

ಇನ್ನೊಂದು ಕಿರಿಕಿರಿ ಹೋಮ್ ಗುಂಡಿಯದು. ಚಕ್ರದಿಂದ ಮಾಡಿದ ಜೂಮ್ ಟೂಲ್‌ಬಾರಿಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಟೂಲ್‌ಬಾರಿನ ಚೌಕ ಎಳೆದರೆ, ಅರ್ಧ ಜೂಮ್ ಆದ ನೋಟವೇ 'ಹೋಮ್' ಆಗಿ ಉಳಿಯುತ್ತದೆ. ಗ್ರಾಫ್ ಬಿಡಿಸಿದ ಕೂಡಲೇ ಈಗಿನ ನೋಟವನ್ನು ನೆನಪಿಡುವ ಟೂಲ್‌ಬಾರಿನ ಪುಶ್_ಕರೆಂಟ್ ಒಮ್ಮೆ ಕರೆದರೆ ಮುಗಿಯಿತು. ಮರುಚಿತ್ರಣಕ್ಕೆ ಡ್ರಾ ಬೇಡ, ಡ್ರಾ_ಐಡಲ್ ಸಾಕು. ಇಲ್ಲದಿದ್ದರೆ ಚಕ್ರದ ಪ್ರತಿ ಹಲ್ಲಿಗೂ ಇಡೀ ಚಿತ್ರ ಮತ್ತೆ ಬಿಡಿಸಿಕೊಳ್ಳುತ್ತದೆ. ಡ್ರಾ_ಐಡಲ್ ಬಳಸಿದರೂ 6.5 ಲಕ್ಷ ಬಿಂದುಗಳ ಪೂರ್ಣ ನೋಟದಲ್ಲಿ ಚಕ್ರ ತಿರುಗಿಸಿದರೆ ತಡೆ ತಡೆದು ಸಾಗುತ್ತದೆ.

ಪೈಕ್ಯೂಟಿಗ್ರಾಫ್‌ಗೆ ಚಕ್ರ ಹುಟ್ಟುಗುಣ. ಎಡಗುಂಡಿಯಲ್ಲಿ ಸರಿಸಬಹುದು, ಬಲಗುಂಡಿಯಲ್ಲಿ ಹಿಗ್ಗಿಸಬಹುದು, ಅಕ್ಷದ ಮೇಲೆ ಕರ್ಸರ್ ಇಟ್ಟು ಚಕ್ರ ತಿರುಗಿಸಿದರೆ ಆ ಅಕ್ಷ ಮಾತ್ರ ಬದಲಾಗುತ್ತದೆ. ಇಸಿಜಿಗೆ ವೈ ಅಕ್ಷ ಮೌಸ್ ಮಾತು ಕೇಳದಂತೆ ಮಾಡಿ, ಕಾಣುವ ಭಾಗಕ್ಕಷ್ಟೇ ವೈ ಹೊಂದಿಕೊಳ್ಳುವಂತೆ ಸೆಟ್‌ಆಟೊವಿಸಿಬಲ್ ಹಾಕಿ.

ವೇಗದ ಗುಟ್ಟಿರುವುದು ಡೌನ್‌ಸ್ಯಾಂಪ್ಲಿಂಗ್‌ನಲ್ಲಿ, ಅಂದರೆ ಬಿಡಿಸುವ ಬಿಂದುಗಳನ್ನು ಕಡಿಮೆ ಮಾಡುವುದರಲ್ಲಿ, ಮೋಸವೂ ಅಲ್ಲೇ. 'ಸಬ್‌ಸ್ಯಾಂಪಲ್' ಆರಿಸಿದರೆ ಇಷ್ಟಿಷ್ಟಕ್ಕೊಂದು ಬಿಂದು ಮಾತ್ರ ಉಳಿಯುತ್ತದೆ, ಆರ್ ತುದಿಗಳು (ಕ್ಯೂಆರ್‌ಎಸ್ ಅಲೆಯ ಶಿಖರಗಳು) ಅದೃಷ್ಟವಿದ್ದರೆ ಕಾಣುತ್ತವೆ. 'ಮೀನ್' ಆರಿಸಿದರೆ ಸರಾಸರಿಯಲ್ಲಿ ಕರಗಿಹೋಗುತ್ತವೆ. 'ಪೀಕ್' ಪ್ರತಿ ಗುಂಪಿನ ಗರಿಷ್ಠ, ಕನಿಷ್ಠ ಎರಡನ್ನೂ ಇಟ್ಟುಕೊಳ್ಳುತ್ತದೆ. ವೈದ್ಯಕೀಯ ಸಂಕೇತಕ್ಕೆ ಬೇರೆ ಆಯ್ಕೆ ಯೋಚಿಸಲೇಬೇಡಿ. ಇಡೀ ಗ್ರಾಫನ್ನು ಹಿಡಿದಿಡುವ ಪ್ಲಾಟ್‌ಐಟಂನಲ್ಲಿ ಈ ಆಯ್ಕೆಯ ಹೆಸರು ಮೋಡ್, ಒಂದೊಂದು ಗೆರೆಯ ಪ್ಲಾಟ್‌ಡೇಟಾಐಟಂನಲ್ಲಿ ಮೆಥಡ್. ಯಾಕೆ ಹಾಗೋ! ಕಾಣುವ ಭಾಗವನ್ನಷ್ಟೇ ಬಿಡಿಸುವ ಕ್ಲಿಪ್‌ಟುವ್ಯೂ ಹಾಕುವ ಮೊದಲು ಎಕ್ಸ್ ಏರಿಕೆ ಕ್ರಮದಲ್ಲಿದೆಯೇ ನೋಡಿ, ಇಲ್ಲದಿದ್ದರೆ ಗೆರೆಯ ತುಂಡುಗಳು ಮಾಯವಾಗುತ್ತವೆ. ಗೆರೆಯ ದಪ್ಪ 1 ಪಿಕ್ಸೆಲ್ ಇರಲಿ, 2 ಮಾಡಿದರೆ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ. ಲಾಗ್ ಮೋಡ್‌ನಲ್ಲಿ ವ್ಯಾಪ್ತಿ ಕೇಳಿದರೆ ಸಿಗುವುದು ಮೂಲ ಮೌಲ್ಯವಲ್ಲ, ಅದರ 10 ಆಧಾರದ ಲಾಗ್.

ತಂತ್ರಾಂಶ ಸಿ++ನಲ್ಲಿದ್ದರೆ ಕ್ಯೂಕಸ್ಟಮ್‌ಪ್ಲಾಟ್. ಎರಡೇ ಕಡತ ಸೇರಿಸಿ, ಪ್ರಾಜೆಕ್ಟ್ ಕಡತದಲ್ಲಿ ಪ್ರಿಂಟ್‌ಸಪೋರ್ಟ್ ನಮೂದಿಸಿ. ಅದು ಮರೆತರೆ ಬಿಲ್ಡ್ ಆಗುವುದೇ ಇಲ್ಲ. ರೇಂಜ್‌ಡ್ರ್ಯಾಗ್ (ಎಳೆದು ಸರಿಸುವುದು), ರೇಂಜ್‌ಜೂಮ್ (ಚಕ್ರದ ಜೂಮ್) ಎರಡನ್ನೂ ಚಾಲೂ ಮಾಡುವುದು ಒಂದೇ ಸಾಲು. ಚಕ್ರದ ಗುಣಕ ಮೊದಲಿಂದಲೇ 0.85. ಬಿಂದು ಇಳಿಸುವ ಕೆಲಸವನ್ನು ಹೇಳದೆಯೇ ಮಾಡಿಕೊಳ್ಳುತ್ತದೆ, ತುದಿಗಳನ್ನೂ ಉಳಿಸುತ್ತದೆ. ಜೂಮ್ ಇತಿಹಾಸ ಮಾತ್ರ ಇಲ್ಲ. ಹಿಂದಕ್ಕೆ ಗುಂಡಿ ಬೇಕಿದ್ದರೆ ವ್ಯಾಪ್ತಿಗಳ ಪಟ್ಟಿ ನೀವೇ ಇಟ್ಟುಕೊಳ್ಳಿ. ಪರವಾನಗಿ ಮುಕ್ತ ತಂತ್ರಾಂಶದ ಜಿಪಿಎಲ್, ಮೂಲ ಕೋಡ್ ಬಿಟ್ಟುಕೊಡದ ಉತ್ಪನ್ನಕ್ಕೆ ವಾಣಿಜ್ಯ ಪರವಾನಗಿ ಕೊಳ್ಳಬೇಕು.

ಪೈಥಾನ್‌ನಲ್ಲಿ ಸಂಕೇತ ನೋಡುವ ಪರದೆಗೆ ನಮ್ಮ ಓಟು ಪೈಕ್ಯೂಟಿಗ್ರಾಫ್‌ಗೆ. ಪ್ರಬಂಧಕ್ಕೆ ಹೋಗುವ ಚಿತ್ರವನ್ನು ಅದೇ ವ್ಯಾಪ್ತಿ ಕೊಟ್ಟು ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ಪಿಡಿಎಫ್ ಮಾಡಿಕೊಳ್ಳಿ.