ಎರಡೂವರೆ ಸಾವಿರದ ಓಬಿಡಿ ಡಾಂಗಲ್, ಬೂಸ್ಟ್ ಕಳೆದುಕೊಂಡ ಅಬಾರ್ಥ್ ಪುಂಟೊ

ತೀರ್ಪು ಮೊದಲು, ಕಾರಣ ಆಮೇಲೆ. ಕಾರಿನ ಓಬಿಡಿ ಪೋರ್ಟಿಗೆ ಸಿಕ್ಕಿಸಿ ಇಂಜಿನ್ ಮಾಹಿತಿಯನ್ನು ಫೋನಿನಲ್ಲಿ ನೋಡುವ ಡಾಂಗಲ್ ಇದು, ಹೆಸರು ವಿಗೇಟ್ ಐಕಾರ್ ಪ್ರೊ ಬ್ಲೂಟೂತ್ 4.0. ಧೈರ್ಯವಾಗಿ ತಗೊಳ್ಳಬಹುದು, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಚೆಕ್ ಇಂಜಿನ್ ಲೈಟ್ ಆರಿಸೋಕೆ ಅಂತ ಮಾತ್ರ ತಗೊಳ್ಳಬೇಡಿ. ಆ ಕೆಲಸವನ್ನು ಎಸ್‌ಪಿ ರೋಡಿನಲ್ಲಿ ಸಿಗುವ ಐನೂರು ರೂಪಾಯಿಯ ನೀಲಿ ಡಾಂಗಲ್ಲೂ ಮಾಡುತ್ತದೆ. ಜಾಸ್ತಿ ದುಡ್ಡು ಕೊಡುವುದು ಗಾಡಿ ಓಡುತ್ತಿರುವಾಗ ಬರುವ ಲೈವ್ ಡೇಟಾಗೆ. ಮಾಡಿಫೈ ಮಾಡಿದ ಗಾಡಿಯನ್ನು ಟ್ರ್ಯಾಕಿಗೆ ಒಯ್ಯುವವರಿಗೆ ಬೇಕಾಗಿರೋದು ಅದೇ.

ನಾನು ಇದನ್ನು ಸರಿಯಾಗಿ ಬಳಸಿದ್ದು ಶ್ರೀಪೆರಂಬುದೂರು ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ಒಂದು ಶನಿವಾರ-ಭಾನುವಾರದ ಟ್ರ್ಯಾಕ್ ಡೇಯಲ್ಲಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಜಾಗ ಅದು. 3.7 ಕಿ.ಮೀ. ಉದ್ದ, 12 ತಿರುವು. ಬೆಂಗಳೂರಿನವರು ಕಾರನ್ನು ಮನಸಾರೆ ಬಿಡಬೇಕು ಅಂದರೆ ಚೆನ್ನೈ ಕಡೆಗೋ ಕೊಯಮತ್ತೂರು ಕಡೆಗೋ ಹೋಗಲೇಬೇಕು ಅಲ್ವಾ. ಹೋದ ಮೇಲೆ ಗಾಡಿ ಕೈಕೊಟ್ಟರೆ ಎಂಟ್ರಿ ಫೀಸು, ಪೆಟ್ರೋಲು, ಲಾಡ್ಜು ಎಲ್ಲಾ ಹೊಳೆಗೆ ಹಾಕಿದ ಹಾಗೆ.

ಗಾಡಿ ನನ್ನದಲ್ಲ, ಗೆಳೆಯನದು. ಫಿಯೆಟ್‌ನ ಅಬಾರ್ಥ್ ಪುಂಟೊ. 2015ರಲ್ಲಿ ಬಂದಾಗ 1.4 ಲೀಟರ್ ಟಿ-ಜೆಟ್ ಟರ್ಬೊ ಇಂಜಿನ್, 145 ಪಿಎಸ್ ಪವರ್, 212 ಎನ್‌ಎಂ ಟಾರ್ಕ್. ಟರ್ಬೊ ಅಂದರೆ ಇಂಜಿನ್ನಿಗೆ ಒತ್ತಿ ಗಾಳಿ ತುಂಬುವ ಫ್ಯಾನು, ಆ ಒತ್ತಡವೇ ಬೂಸ್ಟ್. ಆಗ ಆ ದುಡ್ಡಿಗೆ ಅಂಥ ಇನ್ನೊಂದು ಹ್ಯಾಚ್‌ಬ್ಯಾಕ್ ಇರಲಿಲ್ಲ, ಈಗಲೂ ಅದರ ಹುಚ್ಚು ಹಿಡಿದವರಿಗೆ ಬಿಟ್ಟಿಲ್ಲ. ಫಿಯೆಟ್ ಹೆಸರಿನ ಕಾರುಗಳು ನಮ್ಮಲ್ಲಿ ನಿಂತುಹೋಗಿ ವರ್ಷಗಳಾದವು, ಆದ್ದರಿಂದ ಒಂದೊಂದು ಪಾರ್ಟಿಗೂ ಊರೆಲ್ಲ ಫೋನ್ ಮಾಡಬೇಕು. ಗೆಳೆಯ ಅದಕ್ಕೆ ರಿಮ್ಯಾಪ್ ಮಾಡಿಸಿದ್ದಾನೆ, ಅಂದರೆ ಇಂಜಿನ್ ಕಂಪ್ಯೂಟರಿನ (ಇಸಿಯು) ಸೆಟ್ಟಿಂಗ್ ಬದಲಿಸಿದ್ದಾನೆ. ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಡೌನ್‌ಪೈಪ್ ಬದಲಿಸಿದ್ದಾನೆ, ಟರ್ಬೊ ಗಾಳಿ ಹರಿಯುವ ಕಂಪನಿಯ ರಬ್ಬರ್ ಹೋಸ್ ತೆಗೆದು ನೀಲಿ ಸಿಲಿಕಾನ್ ಹೋಸ್ ಹಾಕಿಸಿದ್ದಾನೆ. ಹೋಸ್ ಹಾಕಿಕೊಟ್ಟ ಗ್ಯಾರೇಜಿನ ಹೆಸರು ಬೇಡ. ಅವರ ಕೈಚಳಕದ ವಿಷಯ ಮುಂದೆ ಬರುತ್ತದೆ.

ಶನಿವಾರ ಬೆಳಗ್ಗೆ ಮೊದಲ ಸೆಷನ್ನಿನಲ್ಲಿ ಗಾಡಿ ಚೆನ್ನಾಗೇ ಓಡಿತು. ಎರಡನೇ ಸೆಷನ್ ಅರ್ಧಕ್ಕೆ ಬರುವಷ್ಟರಲ್ಲಿ ಮೇನ್ ಸ್ಟ್ರೈಟಿನಲ್ಲಿ ಪಿಕಪ್ಪೇ ಇಲ್ಲ. ಇಂಜಿನ್ ಸದ್ದು ಮಾಡುತ್ತದೆ, ಮೀಟರ್ ಮುಳ್ಳು ಏರುತ್ತದೆ, ಬೆನ್ನಿಗೆ ಬರುವ ಆ ತಳ್ಳು ಮಾತ್ರ ಇಲ್ಲ. ನಿಧಾನಕ್ಕೆ ಓಡಿಸಿದರೆ ಯಾವ ತೊಂದರೆಯೂ ಇಲ್ಲ, ಐಡ್ಲಿಂಗ್ ಮಣಿಯಷ್ಟು ನಯ. ಚೆಕ್ ಇಂಜಿನ್ ಲೈಟೂ ಬಂದಿಲ್ಲ.

ಮೊದಲು ತೆಗೆದದ್ದು ಗೆಳೆಯನ ಬ್ಯಾಗಿನಲ್ಲಿದ್ದ ನೀಲಿ ಡಾಂಗಲ್. ಕಂಪನಿ ಹೆಸರಿಲ್ಲ, ಮೇಲೆ ಇಎಲ್‌ಎಂ327 ಅಂತ ಸ್ಟಿಕರ್, ಪಕ್ಕದಲ್ಲಿ ವಿ1.5 ಅಂತ ಇನ್ನೊಂದು. ಈ ವಿ1.5 ಒಂದು ತಮಾಷೆ. ಅಸಲಿ ಇಎಲ್‌ಎಂ327 ಚಿಪ್ ಮಾಡುತ್ತಿದ್ದದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್. ಅವರು 1.4ರಿಂದ ಸೀದಾ 2.0ಗೆ ಹೋದರು, 1.5 ಅನ್ನೋದನ್ನು ಹೊರಗೆ ಬಿಡಲೇ ಇಲ್ಲ. ಆ ಕಂಪನಿ 2022ರಲ್ಲಿ ಬಾಗಿಲನ್ನೂ ಹಾಕಿತು. ಅಂದರೆ ಸ್ಟಿಕರ್ ನೋಡಿದ ಕೂಡಲೇ ನಕಲಿ ಅಂತ ಗೊತ್ತಾಗುತ್ತದೆ. ನಕಲಿ ಅಂದ ಮಾತ್ರಕ್ಕೆ ಕೆಲಸ ಮಾಡಲ್ಲ ಅಂತಲ್ಲ. ಕನೆಕ್ಟ್ ಆಯಿತು, ಸ್ಟೋರ್ ಆದ ದೋಷದ ಕೋಡ್ ಯಾವುದೂ ಇಲ್ಲ ಅಂತ ಹೇಳಿತು. ಇನ್ನೂ ಖಚಿತವಾಗದ ಪೆಂಡಿಂಗ್ ಕೋಡ್ ಕೇಳಿದರೆ ಸುಮ್ನೆ ಕೂತುಬಿಟ್ಟಿತು. ಲೈವ್ ಡೇಟಾ ಹಾಕಿದರೆ ಒಂದೊಂದು ನಂಬರ್ ಬದಲಾಗೋಕೆ ಸೆಕೆಂಡುಗಟ್ಟಲೆ ಕಾಯಬೇಕು, ನಡುವೆ ಬ್ಲೂಟೂತ್ ಕಟ್. ಇನ್ನು ಇದು ಹಳೇ ಬ್ಲೂಟೂತ್ ಆದ್ದರಿಂದ ಐಫೋನ್ ಇರುವವರಿಗೆ ಕನೆಕ್ಟೇ ಆಗಲ್ಲ. ಅವರಿಗೆ ಬ್ಲೂಟೂತ್ 4.0 ಅಥವಾ ವೈಫೈ ಇರುವಂಥದ್ದು ಬೇಕು.

ಆಮೇಲೆ ನನ್ನ ಐಕಾರ್ ಪ್ರೊ ಹಾಕಿದೆವು. ಆ್ಯಪ್ ಕಾರ್ ಸ್ಕ್ಯಾನರ್. ಪೆಂಡಿಂಗ್ ಜಾಗದಲ್ಲಿ ಪಿ0299 ಇತ್ತು. ಟರ್ಬೊ ಅಂಡರ್‌ಬೂಸ್ಟ್, ಅಂದರೆ ಇಸಿಯು ಕೇಳಿದಷ್ಟು ಪ್ರೆಶರ್ ಟರ್ಬೊದಿಂದ ಬರುತ್ತಿಲ್ಲ. ಲೈಟ್ ಯಾಕೆ ಬಂದಿರಲಿಲ್ಲ ಅಂದರೆ, ಇಂಥ ಎಷ್ಟೋ ಕೋಡುಗಳು ಮೊದಲ ಸಲ ಪೆಂಡಿಂಗಿನಲ್ಲಿ ಕೂರುತ್ತವೆ, ಮತ್ತೆ ಅದೇ ತೊಂದರೆ ಕಂಡರೆ ಮಾತ್ರ ಲೈಟ್ ಹತ್ತಿಸುತ್ತವೆ. ಇಲ್ಲಿ ಒಂದು ಮಾತು. ಕೋಡ್ ಕಂಡ ಕೂಡಲೇ ಕ್ಲಿಯರ್ ಬಟನ್ ಒತ್ತೋ ಚಟ ಬಹಳ ಜನರಿಗಿದೆ. ಒತ್ತಿದರೆ ಕೋಡ್ ಜೊತೆಗೆ ಇಸಿಯು ಉಳಿಸಿಟ್ಟ ಫ್ರೀಜ್ ಫ್ರೇಮ್ ಇದ್ದರೆ ಅದೂ ಅಳಿಸಿಹೋಗುತ್ತದೆ. ತೊಂದರೆ ಆದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ಇಂಜಿನ್ ಬಿಸಿ ಎಷ್ಟು ಅನ್ನೋದೆಲ್ಲ ಅದರಲ್ಲೇ ಇರೋದು. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪಿ0299 ನೋಡಿ ಟರ್ಬೊ ಹೋಯಿತು ಅಂತ ಗೆಳೆಯನ ಮುಖ ಬಾಡಿತು. ಆದರೆ ಈ ಕೋಡ್ ಟರ್ಬೊ ಕೆಟ್ಟಿದೆ ಅಂತ ಹೇಳುವುದೇ ಇಲ್ಲ. ಪ್ರೆಶರ್ ಸಾಲದು ಅಂತಷ್ಟೇ ಹೇಳುತ್ತದೆ. ಹೋಸ್ ಸಡಿಲ ಆಗಿರಬಹುದು, ಕಾಲು ಎತ್ತಿದಾಗ ಬೂಸ್ಟ್ ಹೊರಬಿಡುವ ಡಂಪ್ ವಾಲ್ವಿನ ಡಯಾಫ್ರಂ ಹರಿದಿರಬಹುದು, ಟರ್ಬೊ ಬೂಸ್ಟ್ ಮಿತಿಯಲ್ಲಿಡುವ ವೇಸ್ಟ್‌ಗೇಟ್ ತೆರೆದೇ ಇರಬಹುದು, ಪ್ರೆಶರ್ ಸೆನ್ಸರ್ರೇ ಸುಳ್ಳು ಹೇಳುತ್ತಿರಬಹುದು. ಇದರಲ್ಲಿ ಯಾವುದು ಅನ್ನೋದನ್ನು ಸೋಸೋಕೆ ಲೈವ್ ಡೇಟಾ ಬೇಕು.

ಸೆನ್ಸರಿನಿಂದ ಶುರು ಮಾಡಿದೆವು, ಯಾಕೆಂದರೆ ಅದಕ್ಕೆ ಪಾನಾ ಹಿಡಿಯುವುದೇ ಬೇಡ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗಿನ ಒತ್ತಡ ನೋಡಿ. ಆಗ ಒಳಗಿರುವುದು ಹೊರಗಿನ ಗಾಳಿಯ ಒತ್ತಡವೇ. ಚೆನ್ನೈ ಕಡೆ ಸಮುದ್ರ ಮಟ್ಟ, ಹೆಚ್ಚುಕಡಿಮೆ 100 ಕೆಪಿಎ (ಕಿಲೋಪಾಸ್ಕಲ್) ತೋರಿಸಬೇಕು. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಾದರೆ 91ರ ಆಸುಪಾಸು. ನಮ್ಮದು 100 ತೋರಿಸಿತು, ಸೆನ್ಸರ್ ಸರಿ ಇದೆ. ಈ ಒಂಬತ್ತು-ಹತ್ತು ಕೆಪಿಎ ವ್ಯತ್ಯಾಸ ಗೊತ್ತಿಲ್ಲದೆ ಬೆಂಗಳೂರಿನ ಲಾಗನ್ನೂ ಚೆನ್ನೈ ಲಾಗನ್ನೂ ಪಕ್ಕಪಕ್ಕ ಇಟ್ಟು ಬೂಸ್ಟ್ ಜಾಸ್ತಿ ಬಂತು, ಕಡಿಮೆ ಬಂತು ಅಂತ ವಾದ ಮಾಡೋರನ್ನು ನೋಡಿದ್ದೇನೆ.

ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿ ಬಿಟ್ಟೆವು. 35 ಕೆಪಿಎ, ಅಲುಗಾಡದೆ ನಿಂತಿದೆ. ಇದರಿಂದ ಏನು ಗೊತ್ತಾಯಿತು ಅಂದರೆ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಗಾಳಿಯ ಬಾಗಿಲು) ದಾಟಿದ ಮೇಲಿನ ಭಾಗದಲ್ಲಿ ತೂತಿಲ್ಲ. ಅಲ್ಲಿ ತೂತಿದ್ದರೆ ಐಡ್ಲಿಂಗಿನಲ್ಲೇ ಗಾಳಿ ಒಳಗೆ ಎಳೆದು ಇಂಜಿನ್ ಕುಣಿಯುತ್ತಿತ್ತು. ಲೀಕ್ ಇದ್ದರೆ ಅದು ಟರ್ಬೊ ಮತ್ತು ಥ್ರಾಟಲ್ ನಡುವೆ, ಬೂಸ್ಟ್ ಬಂದಾಗ ಮಾತ್ರ ಬಾಯಿ ಬಿಡುವಂಥದ್ದು.

ಮುಂದಿನ ಸೆಷನ್ನಿಗೆ ಫೋನನ್ನು ಗ್ಲೋವ್ ಬಾಕ್ಸಿನೊಳಗೆ ಹಾಕಿ ರೆಕಾರ್ಡಿಂಗ್ ಆನ್ ಮಾಡಿ ಕಳಿಸಿದೆವು. ಡಾಂಗಲ್ಲಿಗೆ ಎಷ್ಟು ನಂಬರ್ ಕೇಳುತ್ತೀರೋ ಅಷ್ಟು ನಿಧಾನ ಆಗುತ್ತದೆ. ಡ್ಯಾಶ್‌ಬೋರ್ಡ್ ತುಂಬಾ ಮೀಟರ್ ಇಟ್ಟುಕೊಂಡರೆ ನೋಡೋಕೆ ಚೆಂದ, ಉಪಯೋಗ ಇಲ್ಲ. ನಾವು ಇಟ್ಟದ್ದು ಆರ್‌ಪಿಎಂ, ಮ್ಯಾನಿಫೋಲ್ಡ್ ಪ್ರೆಶರ್, ಒಳಗೆ ಹೋಗುವ ಗಾಳಿಯ ಬಿಸಿ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ), ಅಷ್ಟೇ. ಐಕಾರ್ ಪ್ರೊ ನಿಜವಾಗಿ ಗೆದ್ದದ್ದು ಇಲ್ಲಿ. ಇಡೀ ಸೆಷನ್ ಒಂದು ಸಲವೂ ಕಟ್ ಆಗಲಿಲ್ಲ. ಗ್ರಾಫ್ ತೆರೆದರೆ ಸ್ಟ್ರೈಟಿನಲ್ಲಿ ಎಲ್ಲೆಲ್ಲಿ ಕಾಲು ಪೂರ್ತಿ ಒತ್ತಿದ್ದಾನೆ ಅನ್ನೋದು ಕೂಡ ಕಾಣುತ್ತದೆ. ರಿಮ್ಯಾಪ್ ಮಾಡಿದವರು ಕೊಟ್ಟ ಹಾಳೆಯಲ್ಲಿ ಪ್ರೆಶರ್ 210 ಕೆಪಿಎ ಇರುವ ಕಡೆ ಇಲ್ಲಿ ಕೊನೆಯ ಲ್ಯಾಪುಗಳಲ್ಲಿ 160 ದಾಟಿಲ್ಲ. ಶುರುವಿನ ಲ್ಯಾಪಿನಲ್ಲಿ 190 ಇದ್ದದ್ದು ಬಿಸಿ ಏರಿದ ಹಾಗೆ ಇಳಿಯುತ್ತಾ ಬಂದಿದೆ. ಗಾಳಿಯ ಬಿಸಿ 68 ಡಿಗ್ರಿಗೆ ಹೋಗಿದೆ, ಟೈಮಿಂಗೂ ಹಿಂದೆ ಬಂದಿದೆ. ಗಾಳಿ ಸೋರುತ್ತಿದ್ದರೆ ಪ್ರೆಶರ್ ಕಟ್ಟೋಕೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಜೋರಾಗಿ ತಿರುಗಿದರೆ ಗಾಳಿ ಇನ್ನೂ ಕಾಯುತ್ತದೆ. ಎಲ್ಲಾ ಬೆರಳೂ ಒಂದೇ ಕಡೆ ತೋರಿಸುತ್ತಿತ್ತು. ತಣ್ಣಗಿದ್ದಾಗ ಹಿಡಿದುಕೊಂಡು ಬಿಸಿಯಾದಾಗ ಬಿಡುವುದು ಹೋಸ್.

ನಾವು ಬಾನೆಟ್ ಎತ್ತಿ ಫೋನ್ ಸುತ್ತ ಬಗ್ಗಿ ನಿಂತಿದ್ದಾಗ ಪಕ್ಕದ ಟೀಮಿನ ಒಬ್ಬ ಮೆಕ್ಯಾನಿಕ್ ಟೀ ಹಿಡಿದು ಬಂದು ನೋಡಿದರು. 'ಫೋನ್ ಅಪ್ಪುರಂ, ಮೊದಲ್ಲ ಕ್ಲಾಂಪ್ ಪಾರುಂಗ ಸಾರ್' ಅಂದು ಹೋದರು. ಫೋನ್ ಆಮೇಲೆ, ಮೊದಲು ಹೋಸ್ ಬಿಗಿಯುವ ಕ್ಲಾಂಪ್ ನೋಡಿ ಅಂತ. ಸರಿಯಾದ ಮಾತೇ. ಆದರೆ ಬಂಪರ್ ಹಿಂದೆ ಸಿಕ್ಕಿಹಾಕಿಕೊಂಡಿರುವ ಅಷ್ಟೊಂದು ಕ್ಲಾಂಪುಗಳಲ್ಲಿ ಯಾವುದು ಅಂತ ಕಣ್ಣಿಗೆ ಕಾಣಬೇಕಲ್ಲ.

ಅದಕ್ಕೆ ನಮ್ಮಲ್ಲಿ ಇನ್ನೊಂದು ಸಾಮಾನಿತ್ತು. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನ ಎಂಡ್ ಕ್ಯಾಪ್, ಅದಕ್ಕೆ ತೂತು ಹೊಡೆದು ಕೂರಿಸಿದ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಏರ್ ಫಿಲ್ಟರ್ ತೆಗೆದು ಟರ್ಬೊಗೆ ಹೋಗುವ ಪೈಪಿಗೆ ಈ ಕ್ಯಾಪ್ ಬಿಗಿದು, ಕಾಲು ಪಂಪಿನಲ್ಲಿ ಗಾಳಿ ತುಂಬುವುದು. ಹತ್ತು ಪಿಎಸ್‌ಐ ಸಾಕು, ಜಾಸ್ತಿ ಹೊಡೆದರೆ ಕ್ಯಾಪೇ ಹಾರಿ ಮುಖಕ್ಕೆ ಬರುತ್ತದೆ. ಇಂಜಿನ್ ಆಫ್ ಇರಲಿ, ಎದುರಿಗೆ ಯಾರೂ ನಿಲ್ಲದಿರಲಿ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು. ಒಬ್ಬ ಪಂಪ್ ಹೊಡೀತಾ ಇರಬೇಕು, ಯಾಕೆಂದರೆ ಇಂಜಿನ್ ಒಳಗಿಂದ ಸ್ವಲ್ಪ ಗಾಳಿ ಹೇಗೂ ಹೋಗುತ್ತಿರುತ್ತದೆ. ಇನ್ನೊಬ್ಬ ಒಂದೊಂದೇ ಜಾಯಿಂಟಿಗೆ ನೀರು ಹೊಡೆದು ನೋಡಬೇಕು.

ಡಂಪ್ ವಾಲ್ವ್ ಹತ್ತಿರ ಏನಿಲ್ಲ. ಟರ್ಬೊ ಕಡೆ ಏನಿಲ್ಲ. ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿನಿಂದ ಹೊರಗೆ ಬರುವ ಜಾಯಿಂಟಿನ ಕೆಳಭಾಗದಲ್ಲಿ, ಕೈ ಹೋಗದ ಕಡೆ, ಬಿಳಿ ನೊರೆ ಪುಸಪುಸ ಅಂತ ಉಕ್ಕಿತು. ಕ್ಲಾಂಪ್ ಬಿಚ್ಚಿದರೆ ಮಾಮೂಲಿ ಸ್ಕ್ರೂ ಕ್ಲಿಪ್, ಪಟ್ಟಿಯ ಸೀಳುಗಳು ಸಿಲಿಕಾನಿಗೆ ಅಚ್ಚೊತ್ತಿದ ಹಾಗೆ ಕಚ್ಚಿವೆ, ಅದೂ ಓರೆಯಾಗಿ, ಅರ್ಧ ಹೋಸ್ ಮೇಲೆ ಅರ್ಧ ಖಾಲಿ. ಒಳಗೆ ಬೆರಳಾಡಿಸಿದರೆ ಎಣ್ಣೆ. ಟರ್ಬೊ ಗಾಡಿಯ ಪೈಪಿನಲ್ಲಿ ಬ್ರೀದರಿನಿಂದ (ಇಂಜಿನ್ನಿನ ಉಸಿರು ಕೊಳವೆ) ಬರುವ ತೆಳು ಎಣ್ಣೆ ಇದ್ದೇ ಇರುತ್ತದೆ. ಆ ಎಣ್ಣೆ ಮೇಲೆ ಸಿಲಿಕಾನ್ ಜಾರುತ್ತದೆ, ಬಿಸಿಯಾದಾಗ ಇನ್ನೂ ಜಾಸ್ತಿ. ಬ್ರೇಕ್ ಕ್ಲೀನರಿನಲ್ಲಿ ಎರಡೂ ಕಡೆ ಒರೆಸಿ ಒಣಗಿಸಿ, ಪಕ್ಕದ ಟೀಮಿನವರೇ ಕೊಟ್ಟ ಟಿ-ಬೋಲ್ಟ್ ಕ್ಲಾಂಪ್ ಹಾಕಿ ಬಿಗಿದೆವು. ಇವು ಜೆಸಿ ರೋಡಿನಲ್ಲಿ ಸಿಗುತ್ತವೆ, ಸಿಲಿಕಾನ್ ಹೋಸ್ ಹಾಕಿಸುವಾಗ ಕೇಳಿ ಹಾಕಿಸಿಕೊಳ್ಳಿ. ಹೋಸಿಗೆ ಸಾವಿರಗಟ್ಟಲೆ ಬಿಲ್ ಮಾಡಿ ಕ್ಲಾಂಪಿನಲ್ಲಿ ಉಳಿತಾಯ ಮಾಡೋ ಗ್ಯಾರೇಜುಗಳಿಗೆ ಏನು ಹೇಳೋದು.

ಭಾನುವಾರದ ಮೊದಲ ಸೆಷನ್ ಲಾಗಿನಲ್ಲಿ ಪ್ರೆಶರ್ 205 ಕೆಪಿಎ. ಕೊನೆಯ ಲ್ಯಾಪಿನವರೆಗೂ ಅಲ್ಲೇ ನಿಂತಿತ್ತು. ಗಾಳಿಯ ಬಿಸಿ 50 ದಾಟಲಿಲ್ಲ.

ಈಗ ಡಾಂಗಲ್ಲಿನ ಮಿತಿ. ಭಾನುವಾರ ಮಧ್ಯಾಹ್ನ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗೋಕೆ ಶುರುವಾಯಿತು. ಡಾಂಗಲ್ ಈ ವಿಷಯದಲ್ಲಿ ಮೂಕ. ಆ್ಯಪಿನ ಸಾಮಾನ್ಯ ಮೋಡಿನಲ್ಲಿ ಸಿಗುವುದು ಇಂಜಿನ್ ಮಾಹಿತಿ ಮಾತ್ರ. ಎಬಿಎಸ್, ಏರ್‌ಬ್ಯಾಗ್ ಒಳಗೆ ಇಣುಕಬೇಕು ಅಂದರೆ ಫಿಯೆಟ್ ಗಾಡಿಗೆ ಮಲ್ಟಿಇಸಿಯುಸ್ಕ್ಯಾನ್ ಥರದ ಬೇರೆ ಸಾಫ್ಟ್‌ವೇರ್ ಬೇಕು. ಅದು ಇದ್ದಿದ್ದರೂ ಬ್ರೇಕ್ ಆಯಿಲ್ ಕುದಿಯುತ್ತಿದೆ ಅಂತ ಯಾವ ಸೆನ್ಸರೂ ಹೇಳಲ್ಲ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು ಅನ್ನೋದು ನಿಯಮ, ನೀರು ಹೀರಿಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಆ ಗಾಡಿಯಲ್ಲಿದ್ದ ಆಯಿಲ್ ಎರಡು ಮಳೆಗಾಲ ಕಂಡಿತ್ತು. ಮೋಟುಲ್ ಆರ್‌ಬಿಎಫ್ 600 ಒಂದು ಬಾಟಲಿ ತಂದಿದ್ದೆವು, ಹೊಸದರ ಕುದಿಬಿಂದು 312 ಡಿಗ್ರಿ. ನಾಲ್ಕೂ ಚಕ್ರದಲ್ಲಿ ಹಳೇ ಆಯಿಲ್, ಗಾಳಿ ಹೊರಗೆ ಬಿಟ್ಟು ಬ್ಲೀಡ್ ಮಾಡಿದ ಮೇಲೆ ಪೆಡಲ್ ಗಟ್ಟಿಯಾಯಿತು. ಟ್ರ್ಯಾಕಿಗೆ ಹೊರಡುವ ಮುಂಚೆ ಡಾಂಗಲ್ಲೋ ಬ್ರೇಕ್ ಆಯಿಲ್ಲೋ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಕಣ್ಣು ಮುಚ್ಚಿ ಆಯಿಲ್ ತಗೊಳ್ಳಿ.

ಬೆಲೆ ನಾನು ಕೊಟ್ಟದ್ದು ಎರಡೂವರೆ ಸಾವಿರದ ಆಸುಪಾಸು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಗುತ್ತದೆ. ಗಾಡಿ ಆಫ್ ಆಗಿ ಸ್ವಲ್ಪ ಹೊತ್ತಾದರೆ ತಾನೇ ಮಲಗುತ್ತದೆ, ಬ್ಯಾಟರಿ ಹೀರುವ ಭಯ ಕಡಿಮೆ. ಓಬಿಡಿಲಿಂಕ್ ಕಂಪನಿಯ ಡಾಂಗಲ್ ಇದಕ್ಕಿಂತ ವೇಗ, ಆದರೆ ಬೆಲೆ ಎಷ್ಟೋ ಪಟ್ಟು. ವರ್ಷಕ್ಕೆ ಒಂದೋ ಎರಡೋ ಸಲ ಟ್ರ್ಯಾಕಿಗೆ ಹೋಗುವವರಿಗೆ ಅಷ್ಟು ಬೇಡ ಅನ್ನೋದು ನನ್ನ ಲೆಕ್ಕ. ನಿಮ್ಮ ಗಾಡಿ ಮಾಡಿಫೈ ಮಾಡದ, ವಾರಂಟಿಯಲ್ಲಿರುವ ಗಾಡಿಯಾದರೆ ಇದೂ ಬೇಡ, ಶೋರೂಮಿನವರು ನೋಡಿಕೊಳ್ಳಲಿ.

ತಗೊಂಡರೆ ಅದೇ ಆರ್ಡರಿಗೆ ಒಂದು ಗಿಡ್ಡ ಓಬಿಡಿ ಎಕ್ಸ್‌ಟೆನ್ಶನ್ ವೈರನ್ನೂ ಸೇರಿಸಿ. ಪೋರ್ಟ್ ಇರುವುದು ಸ್ಟೇರಿಂಗ್ ಕೆಳಗೆ, ಕಾಲಿನ ಹತ್ತಿರ. ಯಾವ ಡಾಂಗಲ್ ಆದರೂ ನೇರ ಸಿಕ್ಕಿಸಿದರೆ ಮೊಣಕಾಲಿಗೆ ತಾಗುತ್ತದೆ, ಟ್ರ್ಯಾಕಿನ ಮೊದಲ ತಿರುವು ಸಿ-1ರ ವೇಗದಲ್ಲಿ ಅದು ಕಳಚಿ ಬ್ರೇಕ್ ಪೆಡಲ್ ಕೆಳಗೆ ಉರುಳುವುದು ಯಾರಿಗೂ ಬೇಡ. ವೈರನ್ನು ಮೇಲಕ್ಕೆ ಎಳೆದು, ಡ್ಯಾಶ್‌ಬೋರ್ಡಿನ ಅಡಿಗೆ ಕೇಬಲ್ ಟೈ ಹಾಕಿ ಕಟ್ಟಿ, ಆಮೇಲೆ ಹೆಲ್ಮೆಟ್ ಹಾಕಿಕೊಳ್ಳಿ.