ಕುಮಟಾ ಈರುಳ್ಳಿಯ ಬೇರುತುದಿಯಲ್ಲಿ ಎರಡು ಹಿಸ್ಟೋನ್ ಗುರುತುಗಳು

ಕುಮಟಾ ಬಳಿಯ ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕುವ ಸಿಹಿ ಈರುಳ್ಳಿಯನ್ನು ತಂದು ನೀರು ತುಂಬಿದ ಲೋಟದ ಬಾಯಿಗೆ ಕೂರಿಸಿದರೆ ಕೆಲವೇ ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಈರುಳ್ಳಿಯ ಜೀವಕೋಶದಲ್ಲಿರುವ 16 ವರ್ಣತಂತುಗಳು ದೊಡ್ಡವು. ಆದ್ದರಿಂದ ಶಿರಸಿಯಲ್ಲಿ ವಿದ್ಯಾರ್ಥಿಗಳಿಗೆ ಅಸಿಟೋಕಾರ್ಮಿನ್ ಬಣ್ಣದಲ್ಲಿ ತೋರಿಸುವಾಗ ವಿಭಜನೆಯಲ್ಲಿ ವರ್ಣತಂತುವನ್ನು ಎಳೆಯುವ ಎಳೆಗಳು ಅಂಟಿಕೊಳ್ಳುವ ಸ್ಥಳವಾದ ಸೆಂಟ್ರೋಮಿಯರ್ ಒಂದು ಕಿರಿದಾದ ಸೊಂಟದಂತೆ ಕಾಣುತ್ತದೆ; ಅಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ಕಾಣುವುದಿಲ್ಲ. ಅದಕ್ಕಾಗಿ ಪ್ರತಿದೀಪ್ತಿ ಸೂಕ್ಷ್ಮದರ್ಶಕವಿರುವ ಪ್ರಯೋಗಾಲಯವೊಂದರಲ್ಲಿ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನುಗಳಾದ ಹಿಸ್ಟೋನ್‌ಗಳ ಮೇಲಿನ ಗುರುತುಗಳಿಗೆ ಅಂಟಿ ಅವನ್ನು ಬೆಳಗಿಸಿ ತೋರಿಸುವ ಎರಡು ಪ್ರತಿಕಾಯಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲನೆಯದು ಎಚ್3 ಹಿಸ್ಟೋನಿನ 10ನೆಯ ಸ್ಥಾನದ ಅಮೈನೋ ಆಮ್ಲವಾದ ಸೆರಿನ್‌ಗೆ ಫಾಸ್ಫೇಟ್ ಸೇರಿದ ಸ್ಥಳವನ್ನು ಹಿಡಿಯುತ್ತದೆ. ಈ ಫಾಸ್ಫೇಟನ್ನು ಸೇರಿಸುವುದು ಅರೋರಾ ಕೈನೇಸ್ ಎಂಬ ಕಿಣ್ವ. ಪ್ರಾಣಿಗಳಲ್ಲಿ ಈ ಗುರುತು ಇಡೀ ವರ್ಣತಂತುವಿಗೆ ಹಬ್ಬುತ್ತದೆ. ಸಸ್ಯಗಳ ಮೈಟೋಸಿಸ್‌ನಲ್ಲಿ (ಸಾಮಾನ್ಯ ಕೋಶ ವಿಭಜನೆಯಲ್ಲಿ) ಸೆಂಟ್ರೋಮಿಯರಿನ ಆಸುಪಾಸಿಗಷ್ಟೇ ಸೀಮಿತವಾಗಿರುತ್ತದೆ. ನನ್ನ ಸ್ಲೈಡಿನಲ್ಲಿ ಬೆಳಕು ಪ್ರಖರವಾಗಿತ್ತು, ಆದರೆ ಅಗಲವಾದ ಪಟ್ಟಿಯಂತೆ ಎರಡು ಬದಿಗೂ ಚಾಚಿತ್ತು. ಇದನ್ನೇ ಸೆಂಟ್ರೋಮಿಯರ್ ಎಂದುಕೊಂಡು ಅಳೆದಿದ್ದು ನನ್ನ ತಪ್ಪು. ಅಳೆದದ್ದು ಅದರ ನೆರೆಹೊರೆಯನ್ನು.

ಎರಡನೆಯದು ಎಚ್2ಎ ಹಿಸ್ಟೋನಿನ 120ನೆಯ ಅಮೈನೋ ಆಮ್ಲವಾದ ಥ್ರಿಯೋನಿನ್‌ಗೆ ಸೇರಿದ ಫಾಸ್ಫೇಟ್ ಗುರುತನ್ನು ಹಿಡಿಯುತ್ತದೆ. ಬಬ್1 ಕೈನೇಸ್ ಇದನ್ನು ಹಾಕಿದಾಗ ಶುಗೋಷಿನ್ ಎಂಬ ಪ್ರೋಟೀನು ಅಲ್ಲಿಗೆ ಬಂದು ನಿಲ್ಲುತ್ತದೆ, ಸೋದರ ಕ್ರೊಮಾಟಿಡ್‌ಗಳನ್ನು (ಒಂದೇ ವರ್ಣತಂತುವಿನ ಎರಡು ಪ್ರತಿಗಳನ್ನು) ಹಿಡಿದಿಟ್ಟಿರುವ ಕೊಹೆಸಿನ್ ಪ್ರೋಟೀನನ್ನು ಅಕಾಲದಲ್ಲಿ ಬಿಚ್ಚದಂತೆ ಕಾಯುತ್ತದೆ. ಇಲ್ಲಿ ಬೆಳಕು ಮಂದ, ಸ್ಥಳ ಬಿಗಿ: ಸೊಂಟದ ಮೇಲೆಯೇ ಚಿಕ್ಕ ಚುಕ್ಕೆ. ಸೆಂಟ್ರೋಮಿಯರಿನ ನಿಜವಾದ ಮುದ್ರೆಯಾದ ಸೆನ್‌ಎಚ್3 ಎಂಬ ವಿಶೇಷ ಹಿಸ್ಟೋನಿನ ಬಾಲ ಸಸ್ಯದಿಂದ ಸಸ್ಯಕ್ಕೆ ಬದಲಾಗುವುದರಿಂದ ಒಂದರ ಪ್ರತಿಕಾಯ ದೂರದ ಇನ್ನೊಂದರಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಎಚ್2ಎಯ ಈ ಭಾಗ ಹೆಚ್ಚು ಬದಲಾಗಿಲ್ಲವಾದ್ದರಿಂದ ಒಂದೇ ಪ್ರತಿಕಾಯ ಹಲವು ಸಸ್ಯಗಳಿಗೆ ಒದಗುತ್ತದೆ. ಕರಾವಳಿಯ ಸಸ್ಯಗಳ ಮೇಲೆ ಕೆಲಸ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಎಷ್ಟು ಕೋಶಗಳು ವಿಭಜನೆಯಲ್ಲಿವೆ ಎಂದು ಎಣಿಸುವುದಷ್ಟೇ ಗುರಿಯಾಗಿದ್ದರೆ ಎಚ್3 ಗುರುತು ಸಾಕು. ಸೆಂಟ್ರೋಮಿಯರ್ ಬೇಕೆಂದರೆ ನಾನು ಎಚ್2ಎಯನ್ನೇ ಆರಿಸುತ್ತೇನೆ. ಯಾವುದನ್ನೇ ಆರಿಸಿದರೂ ಬೇರುತುದಿಯನ್ನು ಕತ್ತರಿಸಿದ ಕೂಡಲೇ ಕೋಶಗಳನ್ನು ಇದ್ದಂತೆಯೇ ಸ್ಥಿರಗೊಳಿಸುವ ಪ್ಯಾರಾಫಾರ್ಮಾಲ್ಡಿಹೈಡ್‌ಗೆ ಹಾಕಬೇಕು. ತಡಮಾಡಿದ ಒಂದು ತಂಡದ ಬೇರುಗಳಲ್ಲಿ ನನಗೆ ವಿಭಜನೆಯ ನಡುಹಂತವಾದ ಮೆಟಾಫೇಸ್‌ನಲ್ಲಿದ್ದ ಕೋಶಗಳು ಸಿಕ್ಕವು, ಫಾಸ್ಫೇಟಿನ ಬೆಳಕು ಸಿಗಲಿಲ್ಲ.