ಪೌಡರ್ ಕೋಟಿಂಗ್‌ಗೆ ಯಾವ ಟೇಪ್? ಕ್ರೇಪ್, ಹಸಿರು ಪಾಲಿಯೆಸ್ಟರ್, ಕ್ಯಾಪ್ಟಾನ್
ಪೌಡರ್ ಕೋಟಿಂಗ್ ಅಂದ್ರೆ ಲೋಹದ ಮೇಲೆ ಪುಡಿ ಬಣ್ಣ ಹಾಕಿ ಓವನ್‌ನಲ್ಲಿ ಬೇಯಿಸೋದು, ಬಣ್ಣ ಬೀಳಬಾರದ ಜಾಗಕ್ಕೆ ಮೊದಲೇ ಟೇಪ್ ಅಂಟಿಸ್ಬೇಕು. ಈ ಓವನ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಇರುತ್ತೆ, ಅದಕ್ಕೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಮಾಸ್ಕಿಂಗ್ ಟೇಪ್ ಹಾಕಲೇಬೇಡಿ, ಗಮ್ಮೆಲ್ಲಾ ಸ್ಕ್ರೂ ಥ್ರೆಡ್ ಒಳಗೆ ಅಂಟ್ಕೊಂಡು ಆಮೇಲೆ ಥಿನ್ನರ್ ಹಾಕಿ ಉಜ್ಜೋದೇ ಕೆಲಸ ಆಗೋಗುತ್ತೆ. ಹೈ ಟೆಂಪರೇಚರ್ ಕ್ರೇಪ್ (ಸುಕ್ಕು ಸುಕ್ಕಾದ ಪೇಪರ್ ಟೇಪ್) ಸುಮಾರು 120-150 ಡಿಗ್ರಿವರೆಗೆ ಓಕೆ, ತಿರುವುಗಳಲ್ಲಿ ಚೆನ್ನಾಗಿ ಬಗ್ಗುತ್ತೆ, ಕಾರ್ ಪೇಂಟ್ ಬೂತ್‌ಗೆ ಅದೇ ಸರಿ.

ಪೌಡರ್‌ಗಾದ್ರೆ ನನ್ನ ವೋಟು ಸಿಲಿಕೋನ್ ಗಮ್ಮಿನ ಹಸಿರು ಪಾಲಿಯೆಸ್ಟರ್‌ಗೇ. 200 ಡಿಗ್ರಿ ತಡ್ಕೊಳ್ಳುತ್ತೆ, ಅಂಚು ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಬರುತ್ತೆ, ಪೀಸ್ ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ ನಿಧಾನವಾಗಿ ಕಿತ್ತುಬಿಡಿ, ಪೂರ್ತಿ ತಣ್ಣಗಾದ್ಮೇಲೆ ಕಿತ್ರೆ ಅಂಚಲ್ಲಿ ಕೋಟಿಂಗ್ ಚಕ್ಕೆ ಏಳಬಹುದು. ಬಗ್ಗೋದು ಮಾತ್ರ ಕ್ರೇಪ್‌ನಷ್ಟಿಲ್ಲ.

ಕಂದು ಬಣ್ಣದ ಕ್ಯಾಪ್ಟಾನ್ (ಪಾಲಿಇಮೈಡ್ ಅನ್ನೋ ಪ್ಲಾಸ್ಟಿಕ್ ಫಿಲ್ಮ್‌ನ ಟೇಪ್) 260 ಡಿಗ್ರಿವರೆಗೂ ಹೋಗುತ್ತೆ ಆದ್ರೆ ರೇಟ್ ತುಂಬಾ ಜಾಸ್ತಿ, ಓವನ್ 200 ದಾಟೋದಿದ್ರೆ ಮಾತ್ರ ತಗೊಳ್ಳಿ.